ಗ್ಲೌ ಒಳಗೆಳೆದರೆ ಮೋಸವಾ? ಬೇಸ್‌ಬಾಲ್ ಅಂಪೈರ್ ಮತ್ತು ಆಟದ ಮರ್ಯಾದೆ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. 11 ವರ್ಷದ ಮಗ ಲಿಟಲ್ ಲೀಗ್‌ನಲ್ಲಿ ಬೇಸ್‌ಬಾಲ್ ಆಡುತ್ತಾನೆ. ಈ ವರ್ಷ ಅವನನ್ನು ಕ್ಯಾಚರ್ ಮಾಡಿದ್ದಾರೆ, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು, ನಮ್ಮ ಕೀಪರ್ ಥರ. ಬ್ಯಾಟರ್ ಹೊಡೆಯಬಹುದಾದ ಜಾಗದಿಂದ ಸ್ವಲ್ಪ ಹೊರಗೆ ಬಂದ ಚೆಂಡನ್ನು, ಒಳಗೇ ಬಂತೇನೋ ಅನ್ನುವ ಹಾಗೆ ಹಿಡಿಯೋದನ್ನು ಕೋಚ್ ಕಲಿಸುತ್ತಿದ್ದಾರೆ. ಇದಕ್ಕೆ ಫ್ರೇಮಿಂಗ್ ಅಂತ ಹೆಸರಂತೆ. ಊರಿಂದ ಬಂದಿರುವ ನಮ್ಮ ಮಾವನವರಿಗೆ ಇದು ಚೂರೂ ಹಿಡಿಸಿಲ್ಲ. "ಅಂಪೈರ್ ಕಣ್ಣಿಗೆ ಮಣ್ಣೆರಚೋದನ್ನ ಮಗೂಗೆ ಕಲಿಸ್ತಾರಾ? ನಮ್ಮ ವಿಶಿ ಕಾಲದಲ್ಲಿ ಹೀಗಿರಲಿಲ್ಲ" ಅಂತಾರೆ. ಪಕ್ಕದ ಮನೆಯ ಅಮೆರಿಕನ್ ಹಿರಿಯರೂ ಅದೇ ರಾಗ. ಮೊದಲು ಬೇಸ್‌ಬಾಲ್ ಸಭ್ಯರ ಆಟವಾಗಿತ್ತು, ದುಡ್ಡು, ಕ್ಯಾಮೆರಾ ಬಂದು ಕೆಟ್ಟುಹೋಯಿತು ಅಂತಾರೆ. ನಿಜವಾ? ಮಗನಿಗೆ ಏನು ಹೇಳಲಿ?

ಉತ್ತರ: ಮೊದಲು ನಿಮ್ಮ ಮಾವನವರ ಮಾತು. ಅವರು ನೆನೆಯುತ್ತಿರುವ ಘಟನೆ ಯಾವುದು ಅಂತ ನನಗೆ ಗೊತ್ತು. 1980ರ ಫೆಬ್ರುವರಿ, ಮುಂಬಯಿಯ ವಾಂಖೆಡೆ ಮೈದಾನ, ಇಂಗ್ಲೆಂಡ್ ವಿರುದ್ಧದ ಸುವರ್ಣ ಮಹೋತ್ಸವ ಟೆಸ್ಟ್. ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರು ಅಂತ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ನಾಯಕ ಜಿ.ಆರ್. ವಿಶ್ವನಾಥ್ ಅವರಿಗೆ ಅನ್ನಿಸಿತು. ಅವರು ಟೇಲರ್ ಅವರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ ಹೊಡೆದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಭದ್ರಾವತಿಯಿಂದ ಬಂದ ಆ ಪುಟ್ಟ ಮನುಷ್ಯನ ದೊಡ್ಡತನ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಅದು ವಿಶಿಯವರ ಗುಣ. ಆ ಕಾಲದವರೆಲ್ಲ ಹಾಗೇ ಇದ್ದಿದ್ದರೆ, 45 ವರ್ಷ ಕಳೆದ ಮೇಲೂ ನಾವು ಆ ಒಂದೇ ಪಂದ್ಯವನ್ನು ನೆನೆಯುತ್ತಿದ್ದೆವಾ?

ಈಗ ಪಕ್ಕದ ಮನೆಯ ಹಿರಿಯರ ಮಾತು. ಬೇಸ್‌ಬಾಲ್ ಶುರುವಿನಲ್ಲಿ ಸಭ್ಯರ ಆಟವಾಗಿದ್ದದ್ದು ನಿಜ. 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್‌ನವರು ನಿಯಮ ಬರೆದರು. ಅವರು ಆಡುತ್ತಿದ್ದದ್ದು ನಿಮ್ಮ ನ್ಯೂಜೆರ್ಸಿಯ ಹೋಬೋಕೆನ್‌ನಲ್ಲೇ. ಕೆಟ್ಟ ಮಾತಾಡಿದರೆ 6 ಸೆಂಟ್ ಚಿಲ್ಲರೆ ದಂಡ. ಅಂಪೈರ್ ಜೊತೆ ವಾದಕ್ಕಿಳಿದರೆ 25 ಸೆಂಟ್. ಅಂಪೈರ್ ಅಂದರೆ ಊರಿನ ಒಬ್ಬ ಗೌರವಸ್ಥರು. ಸಂಬಳ ಇಲ್ಲ. ಕ್ಯಾಚ್ ತಮಗೆ ಸರಿಯಾಗಿ ಕಾಣದಿದ್ದರೆ ಅವರು ಸುತ್ತ ನಿಂತ ಜನರನ್ನೇ ಕೇಳಬಹುದಿತ್ತು.

ಆದರೆ ಆ ಸಭ್ಯತೆ ಎಷ್ಟು ದಿನ ನಡೆಯಿತು ನೋಡಿ. ಆಗ ಬ್ಯಾಟರ್ ತನಗೆ ಬೇಕಾದ ಚೆಂಡು ಬರುವ ತನಕ ಸುಮ್ನೆ ನಿಂತಿರಬಹುದಿತ್ತು. ಎದುರಾಳಿ ದಣಿಯಲಿ, ಕತ್ತಲಾಗಲಿ ಅಂತ ಒಳ್ಳೊಳ್ಳೆ ಚೆಂಡನ್ನೂ ಬಿಡತೊಡಗಿದರು. ಅದಕ್ಕೇ 1858ರಲ್ಲಿ, ಹೊಡೆಯಬಹುದಾದ ಚೆಂಡನ್ನು ಬಿಟ್ಟರೆ ಅಂಪೈರ್ ಸ್ಟ್ರೈಕ್ (ಬ್ಯಾಟರ್ ವಿರುದ್ಧದ ಎಣಿಕೆ, ಮೂರಾದರೆ ಔಟ್) ಕೂಗಬಹುದು ಅನ್ನುವ ನಿಯಮ ಬಂತು. ಚೆಂಡು ಎಸೆಯುವ ಪಿಚರ್‌ಗಳೂ ಅದೇ ಆಟ ಹೂಡಿದರು. ಬೇಕಂತಲೇ ಸಿಗದ ಹಾಗೆ ಎಸೆಯತೊಡಗಿದರು. ಕೆಲವೇ ವರ್ಷದಲ್ಲಿ ಅದಕ್ಕೂ ಒಂದು ನಿಯಮ ಬಂತು, ಅಂಥ ಎಸೆತವನ್ನು ಪಿಚರ್ ವಿರುದ್ಧ ಬಾಲ್ ಅಂತ ಎಣಿಸತೊಡಗಿದರು. ಸ್ಟ್ರೈಕ್, ಬಾಲ್ ಅನ್ನುವ ಲೆಕ್ಕ ಹುಟ್ಟಿದ್ದೇ ಆಟಗಾರರ ಮೇಲಿನ ನಂಬಿಕೆ ಸಾಲದೆ ಹೋದಾಗ.

ಆ ಸಭ್ಯರ ಬಗ್ಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. 1867ರಲ್ಲಿ ಅದೇ ಕ್ಲಬ್‌ಗಳ ಸಂಘ, ಕಪ್ಪು ಜನರು ಆಡುವ ಕ್ಲಬ್‌ಗಳನ್ನು ಸೇರಿಸಿಕೊಳ್ಳುವುದಿಲ್ಲ ಅಂತ ತೀರ್ಮಾನಿಸಿತು. ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಮೇಜರ್ ಲೀಗ್, ಅಂದರೆ ಅಲ್ಲಿನ ಅತಿ ದೊಡ್ಡ ವೃತ್ತಿಪರ ಲೀಗ್‌ನ ಮೈದಾನಕ್ಕೆ ಕಾಲಿಟ್ಟದ್ದು 1947ರಲ್ಲಿ. ಮೊದಲ ಕಪ್ಪು ಅಂಪೈರ್ ಎಮೆಟ್ ಆಶ್‌ಫರ್ಡ್ ಬಂದದ್ದು 1966ರಲ್ಲಿ. ಮೊದಲ ಮಹಿಳಾ ಅಂಪೈರ್ ಜೆನ್ ಪವೊಲ್ 2025ರ ಆಗಸ್ಟ್‌ನಲ್ಲಿ. ಅವರು ನಿಮ್ಮ ರಾಜ್ಯದವರೇ. ಹಳೇ ಕಾಲದ ಮರ್ಯಾದೆ ಅನ್ನುವಾಗ, ಆ ಮರ್ಯಾದೆ ಯಾರ್ಯಾರಿಗೆ ಸಿಗುತ್ತಿತ್ತು ಅಂತಲೂ ಕೇಳಬೇಕಲ್ವಾ?

ದುಡ್ಡು ಬಂದ ಮೇಲಿನ ಕಥೆ ಇನ್ನೂ ಜೋರು. 1890ರ ದಶಕದ ಬಾಲ್ಟಿಮೋರ್ ಓರಿಯೋಲ್ಸ್ ತಂಡ ಆ ಕಾಲದ ಚಾಂಪಿಯನ್. ಆಗ ಮೈದಾನಕ್ಕೆಲ್ಲ ಸಾಮಾನ್ಯವಾಗಿ ಒಬ್ಬನೇ ಅಂಪೈರ್. ಚೆಂಡು ದೂರ ಹೋದರೆ ಆತ ಆ ಕಡೆ ತಿರುಗಲೇಬೇಕು. ಬೆನ್ನ ಹಿಂದೆ ಏನು ಬೇಕಾದರೂ ನಡೆಯುತ್ತಿತ್ತು. ರನ್ ಗಳಿಸಲು ಓಟಗಾರ ಮೂರು ಬೇಸ್‌ಗಳನ್ನು ಒಂದೊಂದಾಗಿ ಮುಟ್ಟಿ, ಹೊರಟ ಜಾಗಕ್ಕೆ ವಾಪಸ್ ಬರಬೇಕು. ಮೊದಲ ಬೇಸ್‌ನಿಂದ ಹೊರಟವನು ಎರಡನೆಯದನ್ನು ಮುಟ್ಟದೆ, ಅಡ್ಡದಾರಿಯಲ್ಲಿ ಮೂರನೆಯದಕ್ಕೆ ಓಡುತ್ತಿದ್ದ. ಮೂರನೆಯ ಬೇಸ್ ಕಾಯುತ್ತಿದ್ದ ಜಾನ್ ಮೆಗ್ರಾ, ಎದುರಾಳಿ ಓಟಗಾರನ ಬೆಲ್ಟ್ ಹಿಡಿದು ನಿಲ್ಲಿಸುತ್ತಿದ್ದರು. ಒಮ್ಮೆ ಓಟಗಾರ ಮೊದಲೇ ಬೆಲ್ಟ್ ಬಿಚ್ಚಿ ಇಟ್ಟಿದ್ದನಂತೆ. ಅವನು ಓಡಿಹೋದ, ಮೆಗ್ರಾ ಕೈಯಲ್ಲಿ ಬರೀ ಬೆಲ್ಟ್ ಉಳಿಯಿತು ಅಂತ ಇವತ್ತಿಗೂ ಕಥೆ ಹೇಳುತ್ತಾರೆ.

ಅಂಪೈರ್‌ಗೆ ಆಗ ಕೂಗಾಟ, ಉಗಿತ, ತಳ್ಳಾಟ ಎಲ್ಲವೂ ಮಾಮೂಲು. 1901ರಲ್ಲಿ ಅಧ್ಯಕ್ಷ ಬ್ಯಾನ್ ಜಾನ್ಸನ್ ಅಮೆರಿಕನ್ ಲೀಗನ್ನು ಮೇಜರ್ ಲೀಗ್ ಮಾಡಿದಾಗ, ಅಂಪೈರ್ ಮೈಮುಟ್ಟಿದವರಿಗೆ ಜಾಗವಿಲ್ಲ ಅಂತ ಗಟ್ಟಿಯಾಗಿ ನಿಂತರು. ಮರುವರ್ಷ ಮೆಗ್ರಾ ಅವರನ್ನೇ ಅಮಾನತು ಮಾಡಿದರು. ಮೆಗ್ರಾ ಲೀಗ್ ಬಿಟ್ಟು ನ್ಯೂಯಾರ್ಕ್ ಜಯಂಟ್ಸ್ ಸೇರಿಕೊಂಡರು. ಜಯಂಟ್ಸ್ ಇದ್ದ ಎದುರು ಲೀಗ್ ಆದ ನ್ಯಾಷನಲ್ ಲೀಗ್‌ನಲ್ಲಿ 1905ರಿಂದ 1941ರ ತನಕ ಬಿಲ್ ಕ್ಲೆಮ್ ಅನ್ನುವ ಅಂಪೈರ್ ಇದ್ದರು. ವಾದಕ್ಕೆ ಬಂದವರ ಎದುರು ಕಾಲಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದು, ಬೆನ್ನು ತಿರುಗಿಸಿ ನಡೆದುಬಿಡುತ್ತಿದ್ದರು. ಗೆರೆ ದಾಟಿದರೆ ಆಟದಿಂದ ಹೊರಗೆ. ಕ್ಲೆಮ್ 18 ವರ್ಲ್ಡ್ ಸೀರೀಸ್‌ಗಳಲ್ಲಿ, ಅಂದರೆ ಎರಡೂ ಲೀಗ್‌ನ ಚಾಂಪಿಯನ್‌ಗಳ ನಡುವಿನ ಫೈನಲ್ ಸರಣಿಗಳಲ್ಲಿ ನಿಂತವರು. ಆ ದಾಖಲೆ ಇನ್ನೂ ಅವರದೇ.

ಇಷ್ಟಾದರೂ ಆಟ ನಿಜವಾಗಿ ಶುದ್ಧವಾದದ್ದು ಗೆರೆಯಿಂದಲ್ಲ ಅಂತ ನನ್ನ ಅಭಿಪ್ರಾಯ. ಅಂಪೈರ್‌ಗಳು ಒಬ್ಬರಿಂದ ಇಬ್ಬರಾದರು, ಮೂವರಾದರು. 1952ರಿಂದ ಮಾಮೂಲಿ ಪಂದ್ಯಕ್ಕೂ ನಾಲ್ವರಾದರು. ಪ್ರತಿ ಬೇಸ್ ಪಕ್ಕ ಒಂದು ಜೊತೆ ಕಣ್ಣು ಬಂದ ಮೇಲೆ ಬೆಲ್ಟ್ ಹಿಡಿಯುವವರು ತಾವಾಗೇ ಮಾಯವಾದರು. ಜನ ಒಳ್ಳೆಯವರಾಗಿದ್ದಕ್ಕೆ ಅಲ್ಲ, ಸಿಕ್ಕಿಬೀಳುತ್ತೇವೆ ಅಂತ ಗೊತ್ತಾಗಿದ್ದಕ್ಕೆ. ತಲೆಮಾರುಗಳ ವಿಷಯದಲ್ಲಿ ನಾನು ಕಂಡುಕೊಂಡದ್ದು ಇದೇ. ಕಣ್ಣಿಲ್ಲದ ಕಡೆ ಮೋಸ ಬೆಳೆಯುತ್ತದೆ. ಕಣ್ಣು ಬಂದರೆ ಅಲ್ಲಿಂದ ಎದ್ದು ಇನ್ನೊಂದು ಕಡೆ ಹೋಗಿ ಕೂರುತ್ತದೆ.

ಈಗಿನ ಕಾಲಕ್ಕೇ ಬನ್ನಿ. 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡದವರು ಮೈದಾನದಾಚೆಯ ಕ್ಯಾಮೆರಾದಲ್ಲಿ ಯಾವ ಚೆಂಡು ಎಸೆಯಬೇಕು ಅಂತ ಎದುರಾಳಿ ಕ್ಯಾಚರ್ ಪಿಚರ್‌ಗೆ ಮಾಡುವ ಬೆರಳಿನ ಸನ್ನೆ ನೋಡುತ್ತಿದ್ದರು. ನಿಧಾನದ ಚೆಂಡು ಬರುವುದಿದ್ದರೆ ಒಳಗೆ ಕಸದ ಡಬ್ಬ ಬಡಿದು ಬ್ಯಾಟರ್‌ಗೆ ತಿಳಿಸುತ್ತಿದ್ದರು. ಕ್ಯಾಚರ್ ಹಿಂದೆ ನಿಂತ ಅಂಪೈರ್‌ಗೆ ಏನೂ ಗೊತ್ತಾಗಲಿಲ್ಲ. ಆ ವರ್ಷ ವರ್ಲ್ಡ್ ಸೀರೀಸ್ ಗೆದ್ದದ್ದೂ ಅವರೇ. 2020ರಲ್ಲಿ ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು. ಮೈದಾನದಲ್ಲಿ ತಂಡ ನಡೆಸುವ ಮ್ಯಾನೇಜರ್ ಮತ್ತು ಕಚೇರಿಯ ಜನರಲ್ ಮ್ಯಾನೇಜರ್ ಇಬ್ಬರಿಗೂ ಒಂದು ವರ್ಷ ನಿಷೇಧ. ಕೆಲಸವೂ ಹೋಯಿತು. 2022ರಿಂದ ಕ್ಯಾಚರ್ ಸನ್ನೆ ಮಾಡುವ ಬದಲು ಗುಂಡಿ ಒತ್ತುತ್ತಾನೆ, ಪಿಚರ್ ಟೋಪಿಯೊಳಗೆ ಮಾತು ಕೇಳಿಸುತ್ತದೆ. ಚೆಂಡಿಗೆ ಅಂಟು ಹಚ್ಚುವ ಚಾಳಿ ಜಾಸ್ತಿಯಾದಾಗ, 2021ರ ಜೂನ್‌ನಿಂದ ಪಿಚರ್‌ಗಳ ಕೈ, ಟೋಪಿ, ಬೆಲ್ಟ್ ತಪಾಸಣೆ ಶುರುವಾಯಿತು. ಹೊಸದರಲ್ಲಿ ಕೆಲವರಿಗೆ ಅದು ಅವಮಾನ ಅನ್ನಿಸಿತು. ಈಗ ತಾವಾಗೇ ಕೈ ಚಾಚುತ್ತಾರೆ.

ಇನ್ನು ಅಂಪೈರ್‌ಗಳು. ಹಿಂದಿನವರ ಕಣ್ಣು ಈಗಿನವರಿಗಿಂತ ಚುರುಕಾಗಿತ್ತು ಅನ್ನೋದು ಬರೀ ಕಲ್ಪನೆ. ಸ್ಟ್ರೈಕ್ ಅಂದರೆ ಏನು? ಬ್ಯಾಟರ್ ಮುಂದೆ ನೆಲದಲ್ಲಿರುವ 17 ಇಂಚು ಅಗಲದ ಬಿಳಿ ರಬ್ಬರ್ ಪ್ಲೇಟಿನ ಮೇಲೆ, ಮಂಡಿಯಿಂದ ಎದೆಯ ಆಸುಪಾಸಿನವರೆಗೆ ಇರುವ ಜಾಗ. ಅದರೊಳಗೆ ಬಂದರೆ ಸ್ಟ್ರೈಕ್, ಹೊರಗೆ ಹೋದರೆ ಬಾಲ್. ಆ ಜಾಗಕ್ಕೆ ಕಾಣುವ ಗೆರೆ ಯಾವುದೂ ಇಲ್ಲ. ಅಮೆರಿಕನ್ ಲೀಗ್‌ನ ಅಂಪೈರ್‌ಗಳು 1970ರ ದಶಕದ ತನಕ ಗಾಳಿ ತುಂಬಿದ ದೊಡ್ಡ ದಿಂಬಿನಂಥ ರಕ್ಷೆಯನ್ನು ಎದೆ ಮುಂದೆ ಹಿಡಿದು ನಿಲ್ಲುತ್ತಿದ್ದರು. ಅದನ್ನು ಹಿಡಿದು ಕೆಳಗೆ ಬಾಗೋಕೆ ಆಗೋದಿಲ್ಲ. ಹಾಗಾಗಿ ಕ್ಯಾಚರ್ ತಲೆ ಮೇಲಿಂದ ನೋಡಬೇಕಿತ್ತು. ನ್ಯಾಷನಲ್ ಲೀಗ್‌ನವರು ಕ್ಲೆಮ್ ಕಲಿಸಿದಂತೆ ರಕ್ಷೆಯನ್ನು ಕೋಟಿನೊಳಗೆ ತೊಟ್ಟು, ಕ್ಯಾಚರ್ ಹೆಗಲ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದರು. ಮೇಲಿಂದ ನೋಡುವವರು ಎತ್ತರದ ಚೆಂಡಿಗೆ ಸ್ಟ್ರೈಕ್ ಕೊಟ್ಟರು, ಬಗ್ಗಿ ನೋಡುವವರು ತಗ್ಗಿನ ಚೆಂಡಿಗೆ ಕೊಟ್ಟರು. ನಿಯಮ ಪುಸ್ತಕ ಒಂದೇ, ಸ್ಟ್ರೈಕ್ ಮಾತ್ರ ಎರಡು ಥರ. ಎರಡೂ ಲೀಗ್‌ನ ಅಂಪೈರ್‌ಗಳು ಒಂದೇ ಕಚೇರಿಯ ಕೆಳಗೆ ಬಂದದ್ದು 2000ದಲ್ಲಿ. ಆಮೇಲೆ ಅವರ ತೀರ್ಪುಗಳನ್ನು ಕ್ಯಾಮೆರಾ ಇಟ್ಟು ಅಳೆಯತೊಡಗಿದರು. ಈಗ ಪ್ರತಿ ಪಂದ್ಯಕ್ಕೂ ಪರೀಕ್ಷೆಯ ಹಾಗೆ ಅಂಕ ಸಿಗುತ್ತದೆ. ಈಗಿನವರು ಖಂಡಿತ ಹೆಚ್ಚು ನಿಖರ.

ಹಾಗಾದರೆ ಕಳೆದುಕೊಂಡದ್ದು ಏನೂ ಇಲ್ಲವಾ? ಇದೆ. ಅದಕ್ಕೆ ಒಂದು ಘಟನೆ ಹೇಳಬೇಕು.

2010ರ ಜೂನ್ 2, ಡೆಟ್ರಾಯಿಟ್. ಟೈಗರ್ಸ್ ತಂಡದ ಪಿಚರ್ ಅರ್ಮಾಂಡೊ ಗಲರಾಗ, ಕ್ಲೀವ್‌ಲ್ಯಾಂಡ್ ತಂಡದ 26 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದ್ದರು. ಒಬ್ಬನೂ ಮೊದಲ ಬೇಸ್ ಮುಟ್ಟಿರಲಿಲ್ಲ. 27ನೆಯವನೂ ಔಟಾದರೆ ಅದು ಪರ್ಫೆಕ್ಟ್ ಗೇಮ್. ನೂರಿಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಲ್ಲಿ ಅಂಥವು ಆಗಿದ್ದದ್ದು 20 ಮಾತ್ರ. 27ನೆಯ ಬ್ಯಾಟರ್ ಜೇಸನ್ ಡೊನಾಲ್ಡ್ ಹೊಡೆದ ಚೆಂಡು ನೆಲಕ್ಕೆ ತಾಗಿ ಬಲಕ್ಕೆ ಹೋಯಿತು. ಮಿಗೆಲ್ ಕಬ್ರೆರಾ ಹಿಡಿದು ಎಸೆದರು. ಗಲರಾಗ ಓಡಿ ಬಂದು ಬೇಸ್ ತುಳಿದು ಚೆಂಡು ಹಿಡಿದರು. ಓಟಗಾರ ಇನ್ನೂ ಒಂದು ಹೆಜ್ಜೆ ಹಿಂದಿದ್ದ, ಅಂದರೆ ಔಟ್. ಅಂಪೈರ್ ಜಿಮ್ ಜಾಯ್ಸ್ ಮಾತ್ರ ಎರಡೂ ಕೈ ಚಾಚಿ ಸೇಫ್ (ಔಟಲ್ಲ) ಅಂದರು.

ಗಲರಾಗ ಆಗ ಏನು ಮಾಡಿದರು ಗೊತ್ತಾ? ನಕ್ಕರು. ಒಂದು ಸಣ್ಣ ನಗು. ಕೂಗಲಿಲ್ಲ, ಗ್ಲೌ ಎಸೆಯಲಿಲ್ಲ. ತಿರುಗಿ ತನ್ನ ಜಾಗಕ್ಕೆ ಹೋಗಿ ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿದರು. ಆಟ ಮುಗಿದ ಮೇಲೆ ಜಾಯ್ಸ್ ತಮ್ಮ ಕೋಣೆಯಲ್ಲಿ ಟಿವಿ ನೋಡಿದರು. ತಪ್ಪು ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು. ಯಾರಿಗೂ ನೆಪ ಹೇಳಲಿಲ್ಲ. ಗಲರಾಗ ಅವರನ್ನು ಕಂಡು, ಕಣ್ಣೀರು ಹಾಕುತ್ತಾ ಕ್ಷಮೆ ಕೇಳಿದರು. ಗಲರಾಗ ಜಾಯ್ಸ್ ಅವರನ್ನು ಅಪ್ಪಿಕೊಂಡರು. ಮಾರನೇ ದಿನ ಮಧ್ಯಾಹ್ನ ಮತ್ತೆ ಪಂದ್ಯ. ಅವತ್ತು ಪ್ಲೇಟ್ ಹಿಂದೆ ನಿಲ್ಲುವ ಸರದಿ ಜಾಯ್ಸ್ ಅವರದೇ. ಬೇಕಿದ್ದರೆ ರಜೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಆಟಕ್ಕೆ ಮೊದಲು ತಂಡದ ಪಟ್ಟಿಯನ್ನು ಅಂಪೈರ್ ಕೈಗೆ ಕೊಡುವುದು ಸಾಮಾನ್ಯವಾಗಿ ಮ್ಯಾನೇಜರ್ ಅಥವಾ ಕೋಚ್ ಕೆಲಸ. ಅವತ್ತು ಮ್ಯಾನೇಜರ್ ಜಿಮ್ ಲೇಲಂಡ್ ಆ ಪಟ್ಟಿಯನ್ನು ಗಲರಾಗ ಕೈಯಲ್ಲಿ ಕಳಿಸಿದರು. ಜಾಯ್ಸ್ ಅದನ್ನು ತೆಗೆದುಕೊಂಡರು, ಕಣ್ಣು ಒರೆಸಿಕೊಂಡರು, ಗಲರಾಗ ಹೆಗಲ ಮೇಲೆ ಒಂದು ಸಲ ತಟ್ಟಿದರು. ನಾನು ಆ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

2014ರಿಂದ ಮೇಜರ್ ಲೀಗ್‌ನಲ್ಲಿ ಇಂಥ ಔಟ್, ಸೇಫ್ ತೀರ್ಪುಗಳಿಗೂ ರಿಪ್ಲೇ ಬಂತು. ಮ್ಯಾನೇಜರ್ ಸವಾಲು ಹಾಕಿದರೆ ನ್ಯೂಯಾರ್ಕಿನಲ್ಲಿ ಕುಳಿತವರು ನೋಡಿ ಹೇಳುತ್ತಾರೆ. ಜಾಯ್ಸ್ ಅವರ ತಪ್ಪು ಈಗ ಆಗಿದ್ದರೆ ಎರಡು ನಿಮಿಷದಲ್ಲಿ ಸರಿಹೋಗುತ್ತಿತ್ತು. ಆ ಅಪ್ಪುಗೆ, ಆ ಹೆಗಲು ತಟ್ಟಿದ್ದು ಇರುತ್ತಿರಲಿಲ್ಲ. ಆದರೂ ನನ್ನನ್ನು ಕೇಳಿದರೆ ರಿಪ್ಲೇ ಇರಲಿ ಅಂತಲೇ ಹೇಳುತ್ತೇನೆ. ಗಲರಾಗ ಅವರಿಗೆ ಆ ಪರ್ಫೆಕ್ಟ್ ಗೇಮ್ ಸಿಗಬೇಕಿತ್ತು. ಅದು ದಾಖಲೆ ಪುಸ್ತಕದಲ್ಲಿ ಇವತ್ತಿಗೂ ಇಲ್ಲ. ಜಾಯ್ಸ್ ಕೂಡ ಅಷ್ಟು ದೊಡ್ಡ ಭಾರ ಹೊತ್ತು ಬದುಕಬೇಕಾಗುತ್ತಿರಲಿಲ್ಲ. 1985ರ ವರ್ಲ್ಡ್ ಸೀರೀಸ್‌ನಲ್ಲಿ ಇಂಥದ್ದೇ ತಪ್ಪು ಮಾಡಿದ ಡಾನ್ ಡೆಂಕಿಂಗರ್ ಅವರಿಗೆ ಜೀವ ಬೆದರಿಕೆಗಳೇ ಬಂದವು. ಒಳ್ಳೆಯ ದೃಶ್ಯ ಸಿಗಲಿ ಅಂತ ತಪ್ಪನ್ನು ಉಳಿಸಿಕೊಳ್ಳೋಕೆ ಆಗುತ್ತಾ?

ರಿಪ್ಲೇಯಿಂದ ಇನ್ನೊಂದು ಒಳ್ಳೆಯದಾಯಿತು. ಮೊದಲೆಲ್ಲ ಮ್ಯಾನೇಜರ್‌ಗಳು ಅಂಪೈರ್ ಬೂಟಿಗೆ ಮಣ್ಣು ಒದೆಯುತ್ತಿದ್ದರು, ಬೇಸ್ ಕಿತ್ತು ಎಸೆಯುತ್ತಿದ್ದರು. ಬಾಬಿ ಕಾಕ್ಸ್ ಅನ್ನುವ ಮ್ಯಾನೇಜರನ್ನು ಅಂಪೈರ್‌ಗಳು 150ಕ್ಕೂ ಜಾಸ್ತಿ ಸಲ ಮೈದಾನದಿಂದ ಹೊರಗೆ ಕಳಿಸಿದ್ದಾರೆ. ನಿಮ್ಮ ಪಕ್ಕದ ಮನೆಯವರು ಅದನ್ನೆಲ್ಲ ನೋಡಿ ಚಪ್ಪಾಳೆ ತಟ್ಟಿರುತ್ತಾರೆ, ಕೇಳಿ ನೋಡಿ. ಔಟ್, ಸೇಫ್ ಬಗ್ಗೆ ಆ ಥರದ ಜಗಳ ಈಗ ಹೆಚ್ಚುಕಡಿಮೆ ನಿಂತೇ ಹೋಗಿದೆ. ಉಳಿದಿರುವುದು ಸ್ಟ್ರೈಕ್, ಬಾಲ್ ಜಗಳ. ಅದಕ್ಕೂ 2026ರ ಸೀಸನ್‌ನಿಂದ ಒಂದು ದಾರಿ ಮಾಡಿದ್ದಾರೆ. ಕ್ರಿಕೆಟ್‌ನಿಂದ ನಮಗೆ ಗೊತ್ತಿರುವ ಹಾಕ್-ಐ ಕ್ಯಾಮೆರಾಗಳೇ ಇಲ್ಲೂ. ಪಂದ್ಯ ಶುರುವಾಗುವಾಗ ತಂಡಕ್ಕೆ ಎರಡು ಸವಾಲು. ಬ್ಯಾಟರ್, ಪಿಚರ್, ಕ್ಯಾಚರ್ ಈ ಮೂವರು ಮಾತ್ರ ಕೇಳಬಹುದು. ಕೂಡಲೇ ಟೋಪಿಯನ್ನೋ ಹೆಲ್ಮೆಟನ್ನೋ ತಟ್ಟಬೇಕು, ಹೊರಗಿನವರ ಸಹಾಯ ಪಡೆಯುವಂತಿಲ್ಲ. ಸರಿಯಾದರೆ ಸವಾಲು ಉಳಿಯುತ್ತದೆ. ತೀರ್ಪು ದೊಡ್ಡ ಪರದೆ ಮೇಲೆ ಎಲ್ಲರೆದುರೇ ಬರುತ್ತದೆ. ಉಳಿದ ಚೆಂಡುಗಳಿಗೆಲ್ಲ ಮನುಷ್ಯನ ಕಣ್ಣೇ.

ಈಗ ನಿಮ್ಮ ಮಗ. ನಾನು 18 ವರ್ಷದಿಂದ ವಾರಾಂತ್ಯಗಳಲ್ಲಿ ಮಕ್ಕಳ ಮತ್ತು ಹೈಸ್ಕೂಲ್ ಪಂದ್ಯಗಳಿಗೆ ಪ್ಲೇಟ್ ಹಿಂದೆ ನಿಲ್ಲುತ್ತಿದ್ದೇನೆ. ಫ್ರೇಮಿಂಗ್‌ನಲ್ಲಿ ಎರಡು ಥರ ಇದೆ. ಚೆಂಡು ಅಂಚಿಗೆ ಬಂದಾಗ ಕೈ ಅಲುಗಿಸದೆ, ಬಂದ ಜಾಗದಲ್ಲೇ ಗಟ್ಟಿಯಾಗಿ ಹಿಡಿದು ತೋರಿಸೋದು ಒಂದು. ಇದು ಮೋಸ ಅಲ್ಲವೇ ಅಲ್ಲ. ಕೈ ದುರ್ಬಲವಿದ್ದರೆ ಗ್ಲೌ ಚೆಂಡಿನ ಜೊತೆ ಹೊರಗೆ ಹೋಗುತ್ತದೆ. ಆಗ ಒಳ್ಳೆಯ ಸ್ಟ್ರೈಕ್ ಕೂಡ ಬಾಲ್‌ನ ಹಾಗೆ ಕಾಣುತ್ತದೆ. ಕೈ ಗಟ್ಟಿ ಇರುವ ಕ್ಯಾಚರ್ ನನಗೆ ನಿಜ ಕಾಣೋ ಹಾಗೆ ಮಾಡುತ್ತಾನೆ. ಇನ್ನೊಂದು ಥರ, ಒಂದಡಿ ಹೊರಗೆ ಹೋದ ಚೆಂಡನ್ನು ಹಿಡಿದು ರಪ್ಪನೆ ಮಧ್ಯಕ್ಕೆ ಎಳೆಯೋದು. ಅದು ಮಾವನವರು ಹೇಳಿದ ಹಾಗೆ ಕಣ್ಣಿಗೆ ಮಣ್ಣೆರಚೋದೇ. ಅದರಿಂದ ಉಪಯೋಗವೂ ಇಲ್ಲ. ಎಳೆದ ಅಂದರೆ ಅದು ಬಾಲ್ ಅಂತ ಅವನಿಗೇ ಗೊತ್ತಿತ್ತು ಅಂತ ನಾವು ಅಂಪೈರ್‌ಗಳು ತಿಳಿಯುತ್ತೇವೆ. ಕೋಚ್ ಯಾವುದನ್ನು ಕಲಿಸುತ್ತಿದ್ದಾರೆ ಅಂತ ಒಂದು ದಿನ ಹತ್ತಿರ ನಿಂತು ನೋಡಿ.

ನನಗೆ ನಿಜವಾಗಿ ಸಂಕಟ ಆಗೋದು ಬೇಲಿಯ ಆಚೆ ಇರುವ ನಮ್ಮಂಥ ದೊಡ್ಡವರನ್ನು ನೋಡಿದಾಗ. ಎರಡು ವರ್ಷದ ಹಿಂದೆ, ಎಂಟು ವರ್ಷದ ಮಕ್ಕಳ ಪಂದ್ಯಕ್ಕೆ 15 ವರ್ಷದ ಹುಡುಗನೊಬ್ಬ ಅಂಪೈರ್ ಆಗಿದ್ದ. ಅವನಿಗೆ ಅದು ಎರಡನೇ ಪಂದ್ಯ. ಒಬ್ಬರು ಅಪ್ಪ ಆಟ ಮುಗಿಯೋ ತನಕ ಬಲೆ ಹಿಡಿದು ಬೈದರು. ಹುಡುಗನ ಕಿವಿ ಕೆಂಪಾಗಿತ್ತು, ಆದರೂ ಕೊನೆಯ ಚೆಂಡಿನ ತನಕ ನಿಂತ. ಮುಂದಿನ ಶನಿವಾರ ಬರಲಿಲ್ಲ. ಮತ್ತೆ ಯಾವತ್ತೂ ಬರಲಿಲ್ಲ. ನಾನು ಆ ಅಪ್ಪನನ್ನು ಅವತ್ತೇ ಹೊರಗೆ ಕಳಿಸಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ. ನಿಮ್ಮ ರಾಜ್ಯದ ಡೆಪ್ಟ್‌ಫರ್ಡ್‌ನ ಲಿಟಲ್ ಲೀಗ್‌ನವರು 2023ರಲ್ಲಿ ಒಂದು ನಿಯಮ ತಂದರು. ಅಂಪೈರ್‌ಗೆ ಬೈದವರು ತಾವೇ ಮೂರು ಪಂದ್ಯಕ್ಕೆ ಅಂಪೈರ್ ಆಗಿ ನಿಲ್ಲಬೇಕು, ಆಮೇಲೇ ನೋಡೋಕೆ ಬರಬೇಕು. ಇದು ಎಲ್ಲ ಕಡೆ ಬರಲಿ ಅಂತ ನನ್ನ ಆಸೆ. ಮೂರು ಬೇಡ, ಒಂದೇ ಪಂದ್ಯ ಪ್ಲೇಟ್ ಹಿಂದೆ ನಿಂತರೆ ಸಾಕು, ಆ ಚೆಂಡು ಎಷ್ಟು ಬೇಗ ಬರುತ್ತದೆ ಅಂತ ಗೊತ್ತಾಗುತ್ತದೆ.

ಮಗನಿಗೆ ಇನ್ನೆರಡು ವಿಷಯ ಹೇಳಿ. ತೀರ್ಪು ತಪ್ಪು ಅನ್ನಿಸಿದರೆ ಕ್ಯಾಚರ್ ಹಿಂದೆ ತಿರುಗಿ ನೋಡಬಾರದು. ಮುಖ ಪಿಚರ್ ಕಡೆಗೇ ಇಟ್ಟುಕೊಂಡು, ಮೆಲ್ಲಗೆ "ಅದು ಎಲ್ಲಿ ಹೋಯ್ತು ಸರ್?" ಅಂತ ಕೇಳಬಹುದು. ಜನಕ್ಕೆ ಗೊತ್ತಾಗೋದಿಲ್ಲ, ಅಂಪೈರ್ ಮರ್ಯಾದೆ ಉಳಿಯುತ್ತದೆ, ಉತ್ತರವೂ ಸಿಗುತ್ತದೆ. ದೊಡ್ಡ ಲೀಗ್‌ನವರೂ ಹೀಗೇ ಮಾತಾಡಿಕೊಳ್ಳುತ್ತಾರೆ.

ಎರಡನೆಯದು, ಮುಂದಿನ ಸಲ ಮಾವನವರನ್ನೂ ಕರೆದುಕೊಂಡು ಹೋಗಿ ತೋರಿಸಿ. ಬ್ಯಾಟಿಗೆ ಸವರಿದ ಚೆಂಡು ಕೆಲವೊಮ್ಮೆ ನೇರ ಅಂಪೈರ್ ಭುಜಕ್ಕೋ ಗಂಟಲಿಗೋ ಬಡಿಯುತ್ತದೆ. ಆಗ ಒಳ್ಳೆಯ ಕ್ಯಾಚರ್ ಕೂಡಲೇ ಎದ್ದು, ಏನೋ ಮಾತಾಡಬೇಕು ಅನ್ನುವ ಹಾಗೆ ಪಿಚರ್ ಹತ್ತಿರ ನಿಧಾನಕ್ಕೆ ನಡೆದು ಹೋಗುತ್ತಾನೆ. ಅಲ್ಲಿ ಮಾತಾಡೋಕೆ ಏನೂ ಇರೋದಿಲ್ಲ. ಅಂಪೈರ್ ಸುಧಾರಿಸಿಕೊಳ್ಳಲಿ ಅಂತ ಹೋಗಿರುತ್ತಾನೆ. ಚೆಂಡು ಕ್ಯಾಚರ್‌ಗೆ ಬಡಿದರೆ, ಅಂಪೈರ್ ಜೇಬಿನಿಂದ ಪುಟ್ಟ ಬ್ರಷ್ ತೆಗೆದು, ಬಗ್ಗಿ, ಧೂಳೇ ಇಲ್ಲದ ಪ್ಲೇಟನ್ನು ಗುಡಿಸತೊಡಗುತ್ತಾನೆ. ಹುಡುಗ ಉಸಿರು ತೆಗೆದುಕೊಂಡು ಮಾಸ್ಕ್ ಸರಿಮಾಡಿಕೊಳ್ಳುವ ತನಕ ಗುಡಿಸುತ್ತಲೇ ಇರುತ್ತಾನೆ.